ಕಾಂಗ್ ಕ್ಲಾಸಿಕ್: ಮನೆಯ ದಿನಚರಿ ಬದಲಾದಾಗ ಫಾಸ್ಟರ್ ನಾಯಿಗೆ ಎಷ್ಟು ಉಪಯೋಗ?

ಕೆಂಪು ರಬ್ಬರಿನ ಕಾಂಗ್ ಕ್ಲಾಸಿಕ್, ಅಂದರೆ ಒಳಗೆ ತಿನಿಸು ತುಂಬಿ ನಾಯಿಗೆ ಕೊಡುವ ಟೊಳ್ಳು ಆಟಿಕೆ, ಒಳ್ಳೆಯ ವಸ್ತು. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಕೊಂಡವರಲ್ಲಿ ಬಹಳಷ್ಟು ಜನ ಅದನ್ನು ನಾಯಿಗೆ ಕೊಡುವುದು ಬೆಳಿಗ್ಗೆ ಬೂಟು ಹಾಕಿಕೊಂಡು, ಕೈಯಲ್ಲಿ ಬೀಗದ ಕೈ ಹಿಡಿದು, ಇನ್ನೇನು ಬಾಗಿಲು ಎಳೆಯಬೇಕು ಅನ್ನುವ ಹೊತ್ತಿಗೆ. ಹತ್ತು ದಿನ ಹೀಗೆ ನಡೆದರೆ ಆಟಿಕೆ ಕಂಡ ಕೂಡಲೇ ನಾಯಿ ಬಾಲ ಮುದುಡುತ್ತದೆ. 'ಕಾಂಗ್ ಬಂತು ಅಂದರೆ ಮನೆಯವರು ಹೋಗುತ್ತಾರೆ' ಅನ್ನುವುದು ಅದಕ್ಕೆ ಪಾಠವಾಗಿಬಿಟ್ಟಿರುತ್ತದೆ. ಆಮೇಲೆ ಒಳಗೆ ಕೋಳಿ ತುಂಬಿಟ್ಟರೂ ಮುಟ್ಟುವುದಿಲ್ಲ. ಈ ಆಟಿಕೆಯ ಬೆಲೆ ಇರುವುದು ಅದನ್ನು ಯಾವ ಹೊತ್ತಿಗೆ, ಯಾವ ಜಾಗದಲ್ಲಿ ಕೊಡುತ್ತೀರಿ ಅನ್ನುವುದರಲ್ಲಿ. ಹಾಗಾಗಿ ಈ ವಿಮರ್ಶೆಯಲ್ಲಿ ವಸ್ತುವಿನಷ್ಟೇ ಅದರ ಬಳಕೆಯ ಮಾತೂ ಇರುತ್ತದೆ.

ದತ್ತು ಸಿಗುವವರೆಗೆ ಅಂತ ಮನೆಗೆ ಬಂದ ನಾಯಿಯನ್ನು, ಅಂದರೆ ಫಾಸ್ಟರ್ ನಾಯಿಯನ್ನು, ಇಲ್ಲಿ ಬೇರೆಯಾಗಿ ನೋಡಬೇಕಾದ ಕಾರಣವಿದೆ. ಬೀದಿ, ಶೆಲ್ಟರ್, ಆಸ್ಪತ್ರೆಯ ಪಂಜರ, ಇನ್ನೊಬ್ಬರ ಮನೆ ಅಂತ ಅದು ಆಗಲೇ ಎರಡು ಮೂರು ಜಾಗ ದಾಟಿ ಬಂದಿರುತ್ತದೆ. ನಿಮ್ಮ ಮನೆಗೆ ಬಂದ ಮೊದಲ ಕೆಲವು ವಾರಗಳಲ್ಲಿ ಅದು ಆತುಕೊಳ್ಳುವುದು ಮನುಷ್ಯರಿಗಿಂತ ಹೆಚ್ಚಾಗಿ ಹೊತ್ತಿಗೆ: ಹಾಲಿನವನು ಬರುವ ಹೊತ್ತು, ಕುಕ್ಕರ್ ಕೂಗುವ ಹೊತ್ತು, ವಾಕಿಂಗ್ ಹೊತ್ತು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದರೆ, ಆಫೀಸಿನವರು ವಾರಕ್ಕೆ ಮೂರು ದಿನ ಬನ್ನಿ ಅಂದರೆ, ಊರಿನಿಂದ ಬಂದಿದ್ದ ಅಜ್ಜಿ ವಾಪಸು ಹೋದರೆ, ಈ ಎಲ್ಲ ಗುರುತುಗಳೂ ಒಂದೇ ದಿನದಲ್ಲಿ ಅಳಿಸಿಹೋಗುತ್ತವೆ. ಬಾಗಿಲು ಕೆರೆಯುವುದು, ಊಳಿಡುವುದು, ಮನೆಯೊಳಗೆ ಉಚ್ಚೆ ಮಾಡುವುದು, ಚಪ್ಪಲಿ ಹರಿಯುವುದು ಶುರುವಾಗುವುದು ಆಗ. ಇದು ಹಟವೂ ಅಲ್ಲ, ಸೇಡೂ ಅಲ್ಲ. ಗಾಬರಿ, ಇಲ್ಲವೇ ಬೇಜಾರು. ಇವೆರಡರಲ್ಲಿ ಯಾವುದು ಅಂತ ತಿಳಿದರೆ ಕಾಂಗ್ ಕೆಲಸಕ್ಕೆ ಬರುತ್ತದೋ ಇಲ್ಲವೋ ಅನ್ನುವುದೂ ತಿಳಿಯುತ್ತದೆ.

ವಸ್ತುವಿನ ಬಗ್ಗೆ

ಅಮೆರಿಕದ ಕೊಲರಾಡೊದಲ್ಲಿ ಜೋ ಮಾರ್ಕಮ್ ಎಂಬುವರ ಜರ್ಮನ್ ಶೆಫರ್ಡ್ ನಾಯಿ ಕಲ್ಲು ಕಡಿದು ಹಲ್ಲು ಹಾಳುಮಾಡಿಕೊಳ್ಳುತ್ತಿತ್ತು. 1970ರ ದಶಕದಲ್ಲಿ ಅವರು ಫೋಕ್ಸ್‌ವ್ಯಾಗನ್ ವ್ಯಾನಿನ ಸಸ್ಪೆನ್ಷನ್ನಿನ ರಬ್ಬರ್ ಭಾಗವೊಂದನ್ನು ನಾಯಿ ಖುಷಿಯಿಂದ ಅಗಿಯುವುದನ್ನು ಕಂಡು ಈ ಆಕಾರಕ್ಕೆ ಬಂದರು. ಮೂರು ಉಬ್ಬು ಒಂದರ ಮೇಲೊಂದು ಕೂತಂತೆ ಇರುತ್ತದೆ. ನೆಲಕ್ಕೆ ಬಿದ್ದರೆ ಯಾವ ಕಡೆಗೆ ಪುಟಿಯುತ್ತದೆ ಅಂತ ಹೇಳಲಾಗದು. ಕೆಳಗೆ ದೊಡ್ಡ ಬಾಯಿ, ಮೇಲೆ ಚಿಕ್ಕ ತೂತು. ಈ ಚಿಕ್ಕ ತೂತು ಬಹಳ ಮುಖ್ಯ. ಒಂದೇ ಬಾಯಿ ಇರುವ ಟೊಳ್ಳು ಆಟಿಕೆಯಲ್ಲಿ ನಾಯಿ ನಾಲಿಗೆ ತೂರಿಸಿ ನೆಕ್ಕುತ್ತಾ ಹೋದಂತೆ ಒಳಗಿನ ಗಾಳಿ ಕಡಿಮೆಯಾಗಿ ನಾಲಿಗೆ ಸಿಕ್ಕಿಕೊಳ್ಳಬಹುದು, ಊದಿಕೊಂಡರೆ ಹೊರಗೆ ತೆಗೆಯಲು ಡಾಕ್ಟರೇ ಬೇಕಾಗುತ್ತದೆ. ಅಗ್ಗದ ಆಟಿಕೆ ಕೊಳ್ಳುವುದಾದರೂ ಎರಡು ಕಡೆ ತೂತಿದೆಯೇ ಅಂತ ಮೊದಲು ನೋಡಿ.

ಗಾತ್ರ ಆರಿಸುವಾಗ ತಪ್ಪುವವರು ಹೆಚ್ಚು. ಕಂಪನಿಯ ಲೆಕ್ಕದ ಪ್ರಕಾರ ಸ್ಮಾಲ್ 9 ಕಿಲೋವರೆಗೆ, ಮೀಡಿಯಂ 7ರಿಂದ 16 ಕಿಲೋ, ಲಾರ್ಜ್ 13ರಿಂದ 30 ಕಿಲೋ, ಎಕ್ಸ್‌ಎಲ್ 27ರಿಂದ 41 ಕಿಲೋ ತೂಗುವ ನಾಯಿಗೆ. ನಮ್ಮ ಇಂಡಿ ನಾಯಿಗಳು, ಅಂದರೆ ಇಲ್ಲಿನ ನಾಟಿ ನಾಯಿಗಳು, ಬಹುತೇಕ 13ರಿಂದ 20 ಕಿಲೋ ಇರುತ್ತವೆ. ಹದಿನಾಲ್ಕು, ಹದಿನೈದು ಕಿಲೋ ನಾಯಿಗೆ ಮೀಡಿಯಂ ತಗೊಳ್ಳೋಣವೇ ಲಾರ್ಜ್ ತಗೊಳ್ಳೋಣವೇ ಅನ್ನುವ ಗೊಂದಲ ಬಂದರೆ ಕಣ್ಣುಮುಚ್ಚಿ ಲಾರ್ಜ್ ತಗೊಳ್ಳಿ. ಆಟಿಕೆ ಯಾವತ್ತೂ ದವಡೆ ಹಲ್ಲಿನ ಹಿಂದಕ್ಕೆ ಜಾರಬಾರದು. ಫಾಸ್ಟರ್ ಮನೆಗೆ ಒಂದು ನಾಯಿ ಹೋಗಿ ಇನ್ನೊಂದು ಬರುತ್ತಿರುತ್ತದಾದ್ದರಿಂದ ಲಾರ್ಜ್ ಇದ್ದರೆ ಮುಂದಿನ ನಾಯಿಗೂ ಆದೀತು. ಮುಧೋಳ ತಳಿಯ ನಾಯಿಯ ಉದ್ದ ಮೂತಿಗೆ ಲಾರ್ಜ್ ಚೆನ್ನಾಗಿ ಹೊಂದುತ್ತದೆ, ಅದರ ನಾಲಿಗೆ ತಳದವರೆಗೂ ಹೋಗುತ್ತದೆ. ಪಗ್, ಶಿಟ್ಜು ತರಹದ ಚಪ್ಪಟೆ ಮೂತಿಯವಕ್ಕೆ ಹಾಗಾಗದು. ಬಾಯಿಯ ಹತ್ತಿರದ ಅರ್ಧಕ್ಕೆ ಮಾತ್ರ ತುಂಬಬೇಕು, ಇಲ್ಲದಿದ್ದರೆ ಒಳಗಿನದು ಒಳಗೇ ಕೊಳೆಯುತ್ತದೆ.

ಕೆಂಪು ಬಣ್ಣದ್ದು ಸಾಮಾನ್ಯವಾಗಿ ಅಗಿಯುವ, ಪೂರ್ತಿ ಬೆಳೆದ ನಾಯಿಗೆ. ಕಪ್ಪು ಬಣ್ಣದ ಎಕ್ಸ್‌ಟ್ರೀಮ್ ಗಟ್ಟಿ ರಬ್ಬರು, ರಾಟ್‌ವೈಲರ್, ಪಿಟ್‌ಬುಲ್ ತರಹದ ದವಡೆಗೆ. ತಿಳಿ ಗುಲಾಬಿ, ತಿಳಿ ನೀಲಿ ಬಣ್ಣದ ಪಪ್ಪಿ ಮಾದರಿ ಮೆತ್ತಗಿದ್ದು 9 ತಿಂಗಳೊಳಗಿನ ಮರಿಗಳಿಗೆ. ನೇರಳೆ ಬಣ್ಣದ ಸೀನಿಯರ್ ಮಾದರಿ ವಯಸ್ಸಾದವಕ್ಕೆ. ಬೀದಿಯಲ್ಲಿ ವರ್ಷಗಟ್ಟಲೆ ಬದುಕಿದ ನಾಯಿಯ ಹಲ್ಲು ಸವೆದಿರುವುದು ಮಾಮೂಲು. ವಯಸ್ಸು ಐದೇ ಅಂತ ಡಾಕ್ಟರು ಹೇಳಿದರೂ ತುಟಿ ಎತ್ತಿ ಹಲ್ಲು ನೋಡಿಯೇ ಮಾದರಿ ಆರಿಸಿ.

ಬಾಳಿಕೆ ಚೆನ್ನಾಗಿದೆ. ತುಂಬಿದ್ದು ಖಾಲಿಯಾದ ಮೇಲೆ ಎತ್ತಿಟ್ಟರೆ ವರ್ಷಗಟ್ಟಲೆ ಬರುತ್ತದೆ. ಖಾಲಿ ಆಟಿಕೆಯನ್ನು ಇಡೀ ದಿನ ಬಿಟ್ಟರೆ ಬಾಯಿಯ ಅಂಚಿನಿಂದ ಸೀಳಲು ಶುರುಮಾಡುತ್ತವೆ. ಅಂಚಿನಲ್ಲಿ ಬಿರುಕು ಕಂಡರೆ, ಚೂರು ಕಿತ್ತು ಬಂದರೆ, ಎಸೆಯಿರಿ. ರಬ್ಬರ್ ಚೂರು ಕರುಳಿಗೆ ಅಡ್ಡ ಕೂತರೆ ಆಪರೇಷನ್ನೇ ಗತಿ. ಆನ್‌ಲೈನ್‌ನಲ್ಲಿ ಇದರ ನಕಲುಗಳೂ ಸಿಗುತ್ತವೆ. ಅಸಲಿಯ ಮೈಮೇಲೆ ಹೆಸರು ಉಬ್ಬಿ ಸ್ಪಷ್ಟವಾಗಿರುತ್ತದೆ, ಒತ್ತಿದರೆ ರಬ್ಬರು ತಕ್ಷಣ ಮೊದಲಿನ ಆಕಾರಕ್ಕೆ ಬರುತ್ತದೆ. ಮೂಗಿಗೆ ಹೊಡೆಯುವ ಪ್ಲಾಸ್ಟಿಕ್ ವಾಸನೆ ಬಂದರೆ ವಾಪಸು ಮಾಡಿ.

ಏನು ತುಂಬಬೇಕು

ಮೊದಲು ನಿಮ್ಮ ಕಾಂಗ್ ಎಷ್ಟು ಹಿಡಿಯುತ್ತದೆ ಅಂತ ಅಳೆದುಕೊಳ್ಳಿ. ಚಿಕ್ಕ ತೂತಿಗೆ ಬೆರಳು ಒತ್ತಿ ನೀರು ತುಂಬಿ ಅಳತೆ ಲೋಟಕ್ಕೆ ಸುರಿದರೆ ಆಯಿತು. ಅಷ್ಟು ಪ್ರಮಾಣವನ್ನು ದಿನದ ಊಟದಿಂದ ಕಳೆಯಬೇಕು. ಕಾಂಗ್ ಅನ್ನುವುದು ಊಟದ ಮೇಲಿನ ತಿಂಡಿಯಲ್ಲ, ಊಟದ್ದೇ ಒಂದು ಪಾಲು. ಇದನ್ನು ಮರೆತರೆ ಎರಡು ತಿಂಗಳಲ್ಲಿ ನಾಯಿ ಊದಿಕೊಳ್ಳುತ್ತದೆ, ಅದಕ್ಕೂ ಮೊದಲು ಹೊಟ್ಟೆ ತುಂಬಿದ ನಾಯಿ ಆಟಿಕೆಯನ್ನು ಮೂಸಿ ಬಿಟ್ಟುಹೋಗುತ್ತದೆ.

ಕಂಪನಿಯ ಪೇಸ್ಟುಗಳು ಬೇಕಾಗಿಲ್ಲ. ನಮ್ಮ ಅಡುಗೆಮನೆಯಲ್ಲೇ ಬೇಕಾದ್ದೆಲ್ಲ ಇದೆ. ನೆನಪಿಡಬೇಕಾದ್ದು ಇಷ್ಟೇ: ಉಪ್ಪು, ಖಾರ, ಒಗ್ಗರಣೆ ಯಾವುದೂ ಬೇಡ. ನಿನ್ನೆಯ ಮೊಸರನ್ನದಲ್ಲಿ ಒಗ್ಗರಣೆ ಇದ್ದರೆ, ಒಣದ್ರಾಕ್ಷಿ ಬಿದ್ದಿದ್ದರೆ ಅದನ್ನು ತುಂಬಬೇಡಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಹಾಗಾಗಿ ಸಾರು, ಸಾಂಬಾರಿನ ಅನ್ನವೂ ಬೇಡ. ಚಾಕೊಲೇಟಂತೂ ಬೇಡವೇ ಬೇಡ. ಅಂಗಡಿಯ ಪೀನಟ್ ಬಟರ್ ಆದರೆ ಡಬ್ಬಿಯ ಹಿಂದೆ ಓದಿ. ಕ್ಸೈಲಿಟಾಲ್ ಅನ್ನುವ ಸಿಹಿಕಾರಕ ಇದ್ದರೆ ಸ್ವಲ್ಪವೇ ಸಾಕು, ನಾಯಿಯ ಸಕ್ಕರೆಯಂಶ ಕುಸಿದು ಪ್ರಾಣಕ್ಕೆ ಕುತ್ತು. ಅದರ ಬದಲು ಹುರಿದು ಸಿಪ್ಪೆ ತೆಗೆದ ಶೇಂಗಾವನ್ನು ಮಿಕ್ಸಿಯಲ್ಲಿ ಎಣ್ಣೆ ಬಿಡುವವರೆಗೆ ತಿರುವಿದರೆ ಒಳ್ಳೆಯ ಪೇಸ್ಟ್ ಆಗುತ್ತದೆ. ಜಿಡ್ಡು ಹೆಚ್ಚು, ದಿನಕ್ಕೆ ಒಂದು ಚಮಚ ಸಾಕು.

ಹದಿನೈದು ಕಿಲೋ ನಾಯಿಯ ಲಾರ್ಜ್ ಕಾಂಗ್‌ಗೆ ಚೆನ್ನಾಗಿ ನಡೆಯುವ ತುಂಬುವಿಕೆ ಹೀಗಿದೆ. ಅಂಗಡಿಯಲ್ಲಿ ಸಿಗುವ, ಕಾಳಿನಂತಿರುವ ನಾಯಿಯ ಒಣ ಆಹಾರ ಒಂದು ಹಿಡಿಯನ್ನು ಬೆಚ್ಚಗಿನ ನೀರಿನಲ್ಲಿ 20 ನಿಮಿಷ ನೆನೆಸಿ ಚಮಚದಲ್ಲಿ ಒರಟಾಗಿ ಹಿಸುಕಿ. ಎರಡು ಚಮಚ ಹುಳಿಯಿಲ್ಲದ ಮೊಸರು, ಒಂದು ಚಮಚ ಬೇಯಿಸಿದ ಸಿಹಿಗುಂಬಳ ಸೇರಿಸಿ. ಚಿಕ್ಕ ತೂತಿಗೆ ಒಂದು ಚೂರು ಕ್ಯಾರೆಟ್ ಸಿಕ್ಕಿಸಿ, ಇಲ್ಲದಿದ್ದರೆ ಎಲ್ಲ ಸೋರಿಹೋಗುತ್ತದೆ. ಕಾಂಗನ್ನು ತಲೆಕೆಳಗಾಗಿ, ದೊಡ್ಡ ಬಾಯಿ ಮೇಲೆ ಬರುವಂತೆ ಸ್ಟೀಲ್ ಲೋಟದಲ್ಲಿ ನಿಲ್ಲಿಸಿ ತುಂಬಿ. ಬಾಯಿಯ ಹತ್ತಿರ ಬೇಯಿಸಿದ ಕೋಳಿಯ ಎರಡು ಚೂರು ಇಡಿ, ಮೂಳೆ ಇರಕೂಡದು. ಲೋಟದ ಸಮೇತ ಫ್ರೀಜರಿನಲ್ಲಿಟ್ಟರೆ 6 ಗಂಟೆಯಲ್ಲಿ ಗಟ್ಟಿಯಾಗುತ್ತದೆ. ರಾತ್ರಿ ಇಟ್ಟು ಬೆಳಿಗ್ಗೆ ತೆಗೆಯುವುದು ಸುಲಭ. ಮೊಸರು ಒಗ್ಗದೆ ಭೇದಿಯಾಗುವ ನಾಯಿಗೆ ರಾಗಿ ಅಂಬಲಿ ಮಾಡಿ: ಒಂದು ಲೋಟ ನೀರಿಗೆ ಎರಡು ಚಮಚ ಹಿಟ್ಟು, ಗಂಟಿಲ್ಲದೆ ಗಟ್ಟಿಯಾಗಿ ಕಾಯಿಸಿ, ಪೂರ್ತಿ ಆರಿಸಿ, ಅದರಲ್ಲಿ ಒಣ ಆಹಾರ ಕಲಸಿ. ಮುದ್ದೆಯನ್ನೇ ತುರುಕಬೇಡಿ, ಒಳಗೆ ಅಂಟಿಕೊಂಡು ನಾಯಿಗೂ ಸಿಗುವುದಿಲ್ಲ, ತೊಳೆಯಲೂ ಬರುವುದಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿಯ ಚೂರನ್ನು ಮಜ್ಜಿಗೆಯಲ್ಲಿ ನೆನೆಸಿ ತುಂಬಿದರೂ ನಡೆಯುತ್ತದೆ, ಮಜ್ಜಿಗೆಗೆ ಉಪ್ಪು ಬಿದ್ದಿರಬಾರದು ಅಷ್ಟೆ.

ಹೊಸದಾಗಿ ಬಂದ ನಾಯಿಯ ಹೊಟ್ಟೆ ಮೊದಲ ವಾರ ಹೇಗೂ ಕೆಟ್ಟಿರುತ್ತದೆ. ಆಗ ಅದು ತಿನ್ನುತ್ತಿರುವ ಆಹಾರವನ್ನೇ ತುಂಬಿ. ಹೊಸ ಪದಾರ್ಥ ಒಂದೊಂದಾಗಿ ಸೇರಿಸಿ, ಒಂದಕ್ಕೂ ಇನ್ನೊಂದಕ್ಕೂ ಮೂರು ದಿನ ಅಂತರ ಬಿಡಿ.

ಕಲಿಸುವ ಕ್ರಮ

ಫ್ರೀಜ್ ಮಾಡಿದ ಕಾಂಗನ್ನು ಮೊದಲ ದಿನವೇ ಬೀದಿಯಿಂದ ಬಂದ ನಾಯಿಯ ಮುಂದಿಟ್ಟರೆ ಅದು ಸೋತು ಎದ್ದು ಹೋಗುತ್ತದೆ. ಆಟಿಕೆ ಅಂದರೇನು ಅಂತ ಅದಕ್ಕೆ ಗೊತ್ತಿರುವುದಿಲ್ಲ. ಪ್ರಯೋಗಾಲಯಗಳಿಂದ ಬಿಡುಗಡೆಯಾಗಿ ಬೆಂಗಳೂರಿನ ಮನೆಗಳಿಗೆ ಬಂದ ಬೀಗಲ್‌ಗಳಿಗಂತೂ ಬಟ್ಟಲು ಬಿಟ್ಟರೆ ಬೇರೆ ಯಾವುದರಲ್ಲೂ ತಿಂದ ರೂಢಿ ಇರುವುದಿಲ್ಲ. ಮೊದಲ ಎರಡು ದಿನ ಕಾಂಗನ್ನು ಅಡ್ಡ ಮಲಗಿಸಿ ಬಾಯಿಯ ಮುಂದೆ ನೆಲದ ಮೇಲೆ ನಾಲ್ಕು ಕಾಳು ಆಹಾರ ಇಡಿ. ಆಮೇಲೆ ಒಳಗೆ ಒಣ ಕಾಳು ಸಡಿಲವಾಗಿ ಹಾಕಿ. ಮೂತಿ ತಾಗಿದರೆ ಸಾಕು, ಉದುರಬೇಕು. ಅದು ಐದು ನಿಮಿಷದಲ್ಲಿ ಮುಗಿಯುತ್ತದೆ, ಮುಗಿಯಲಿ, ಗೆದ್ದ ಖುಷಿ ಮುಖ್ಯ. ಆಮೇಲೆ ನೆನೆಸಿ ಹಿಸುಕಿದ್ದು, ಫ್ರಿಜ್ಜಿನಲ್ಲಿ ತಣ್ಣಗಾಗಿದ್ದು, ಒಂದೆರಡು ಗಂಟೆ ಫ್ರೀಜರಿನಲ್ಲಿದ್ದು ಅರೆ ಗಟ್ಟಿಯಾಗಿದ್ದು, ಕೊನೆಗೆ ಪೂರ್ತಿ ಗಟ್ಟಿ. ಒಂದು ಹಂತದಲ್ಲಿ ಅರ್ಧಕ್ಕೇ ಬಿಟ್ಟರೆ ಹಿಂದಿನ ಹಂತಕ್ಕೆ ಬನ್ನಿ. ಪೂರ್ತಿ ಗಟ್ಟಿಯಾದದ್ದು ಅಭ್ಯಾಸವಿರುವ ನಾಯಿಗೂ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ.

ಆ ಅರ್ಧ ಗಂಟೆಯೇ ನಮಗೆ ಬೇಕಾದದ್ದು. ಒಂಟಿಯಾದ ನಾಯಿಯ ಚಡಪಡಿಕೆ ಸಾಮಾನ್ಯವಾಗಿ ಮನೆಯವರು ಹೊರಟ ಮೊದಲ ಅರ್ಧ ಗಂಟೆಯಲ್ಲೇ ಜಾಸ್ತಿ. ಅಷ್ಟು ಹೊತ್ತು ನೆಕ್ಕುತ್ತಾ ಕೂತರೆ ಆಮೇಲೆ ಮಲಗುವ ಸಾಧ್ಯತೆ ಹೆಚ್ಚು.

ಈಗ ದಿನಚರಿಯ ಮಾತು. ಶಾಲೆಯೋ ಆಫೀಸೋ ಶುರುವಾಗಲು ಎರಡು ವಾರ ಇರುವಾಗಲೇ ತಯಾರಿ ಆರಂಭವಾಗಬೇಕು. ಈಗಿನ ಊಟದ, ವಾಕಿಂಗ್ ಹೊತ್ತನ್ನು ದಿನಕ್ಕೆ 15 ನಿಮಿಷದಂತೆ ಹೊಸ ಹೊತ್ತಿನ ಕಡೆಗೆ ಸರಿಸುತ್ತಾ ಬನ್ನಿ. ಕಾಂಗನ್ನು ಮನೆಯಲ್ಲಿ ಎಲ್ಲರೂ ಇರುವಾಗಲೇ, ಮುಂದೆ ನಾಯಿ ಒಂಟಿಯಾಗಿ ಇರಲಿರುವ ಕೋಣೆಯಲ್ಲೇ, ಅದೇ ಚಾಪೆಯ ಮೇಲೆ ಕೊಡಿ. ಮೊದಲು ನೀವೂ ಅಲ್ಲೇ ಕೂತಿರಿ. ಆಮೇಲೆ ಕೋಣೆಯ ಬಾಗಿಲು ಅರ್ಧ ಮುಚ್ಚಿ ಅರ್ಧ ನಿಮಿಷ ಹೊರಗೆ ನಿಂತು ಬನ್ನಿ. ನಾಯಿ ತಲೆ ಎತ್ತದಿದ್ದರೆ ಎರಡು ನಿಮಿಷ, ಐದು ನಿಮಿಷ, ಹತ್ತು ನಿಮಿಷ. ತಲೆ ಎತ್ತಿ ಬಾಗಿಲಿಗೆ ಬಂದರೆ ನೀವು ಬೇಗ ಮುಂದೆ ಹೋದಿರಿ ಅಂತ ಅರ್ಥ. ಬೀಗದ ಕೈ ಕುಲುಕುವುದು, ಬ್ಯಾಗು ಹೆಗಲಿಗೆ ಹಾಕಿಕೊಳ್ಳುವುದು, ಹೆಲ್ಮೆಟ್ ಎತ್ತುವುದು ಇವನ್ನೆಲ್ಲ ದಿನದ ಯಾವುದೋ ಹೊತ್ತಿನಲ್ಲಿ ಮಾಡಿ, ಹೊರಗೆ ಹೋಗದೆ ಸುಮ್ಮನೆ ಕೂತುಬಿಡಿ. ಆ ಸದ್ದುಗಳಿಗೆ ಅಂಟಿಕೊಂಡ ಭಯ ಸಡಿಲವಾಗುತ್ತದೆ.

ಹೊರಡುವ ದಿನದ ಕ್ರಮ ಇಷ್ಟು: 30ರಿಂದ 40 ನಿಮಿಷ ವಾಕಿಂಗ್, ಮೂಸಿಕೊಂಡು ಹೋಗಲು ಬಿಟ್ಟು, ನೀರು, ಹತ್ತು ನಿಮಿಷ ಸುಮ್ಮನಿರುವುದು, ಚಾಪೆಯ ಮೇಲೆ ಕಾಂಗ್, ಅದು ನೆಕ್ಕಲು ಶುರುಮಾಡಿ ನಾಲ್ಕೈದು ನಿಮಿಷ ಆದಮೇಲೆ, ಮುದ್ದು ಮಾತು ಇಲ್ಲದೆ ಹೊರಡುವುದು. ವಾಕಿಂಗ್ ಮುಗಿದ ಕೂಡಲೇ ಏದುಸಿರು ಬಿಡುತ್ತಿರುವ ನಾಯಿಗೆ ಕಾಂಗ್ ಕೊಟ್ಟರೆ ಅದು ನೆಕ್ಕುವುದಿಲ್ಲ, ಆಚೆ ಈಚೆ ಎಸೆಯುತ್ತದೆ.

ನಾಯಿಗೆ ಎಲ್ಲಕ್ಕಿಂತ ಕಷ್ಟ ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆ ಅನ್ನುವ ಏರ್ಪಾಡು. ಪ್ರತಿದಿನ ಹೋಗುವುದಾದರೆ ನಾಯಿ ಒಗ್ಗಿಕೊಳ್ಳುತ್ತದೆ, ದಿನ ಬಿಟ್ಟು ದಿನ ಹೋದರೆ ಏನು ನಿರೀಕ್ಷಿಸಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ಇಲ್ಲಿ ಕಾಂಗ್ ನಿಜವಾಗಿ ಸಹಾಯಕ್ಕೆ ಬರುತ್ತದೆ. ಮನೆಯಲ್ಲಿರುವ ದಿನವೂ ಅದೇ ಗಂಟೆಗೆ ಅದೇ ಕೋಣೆಯಲ್ಲಿ ಕೊಟ್ಟು, ಬಾಗಿಲು ಹಾಕಿ, ಮೊದಲ ಒಂದೆರಡು ಗಂಟೆ ನೀವು ಇನ್ನೊಂದು ಕೋಣೆಯಲ್ಲಿ ಕೆಲಸ ಮಾಡಿ. ಭಾನುವಾರವೂ ಬಿಡಬೇಡಿ. ಏಳೂ ದಿನ ಬೆಳಗಿನ ಆ ಹೊತ್ತು ಒಂದೇ ಥರ ಇದ್ದರೆ ಮಧ್ಯಾಹ್ನ ಏನಾದರೂ ನಾಯಿ ಸಹಿಸಿಕೊಳ್ಳುತ್ತದೆ.

ಎಲ್ಲಿ ಸೋಲುತ್ತದೆ

ಹಳೆಯ ಫೋನನ್ನು ಕ್ಯಾಮೆರಾ ಮಾಡಿ ಕೋಣೆಯ ಮೂಲೆಯಲ್ಲಿಟ್ಟು ನೋಡಿ. ಕಾಂಗ್ ಮುಗಿಸಿ ಮಲಗಿ, ಮಧ್ಯಾಹ್ನ ಎದ್ದು ಚಪ್ಪಲಿ ಕಚ್ಚಿದರೆ ಅದು ಬೇಜಾರು. ವಾಕಿಂಗ್ ಹೆಚ್ಚಿಸಿ, ಮಧ್ಯಾಹ್ನ ಯಾರನ್ನಾದರೂ ಬಂದು ಹೊರಗೆ ಕರೆದೊಯ್ಯಲು ಹೇಳಿ. ಕಾಂಗ್ ಹಾಗೇ ಬಿದ್ದಿದ್ದು, ನಾಯಿ ಬಾಗಿಲ ಬಳಿ ಜೊಲ್ಲು ಸುರಿಸುತ್ತಾ, ಏದುಸಿರು ಬಿಡುತ್ತಾ ಓಡಾಡಿ, ನೀವು ಬಂದ ತಕ್ಷಣ ಅದೇ ಕಾಂಗನ್ನು ಗಬಗಬ ತಿಂದರೆ ಅದು ಒಂಟಿತನದ ಗಾಬರಿ. ಗಾಬರಿಯಲ್ಲಿ ಹಸಿವು ಸತ್ತಿರುತ್ತದೆ, ಎಷ್ಟು ರುಚಿಯಾದದ್ದು ತುಂಬಿದರೂ ಪ್ರಯೋಜನವಿಲ್ಲ. ಅಂಥ ನಾಯಿಯನ್ನು ಸದ್ಯಕ್ಕೆ ಒಂಟಿಯಾಗಿ ಬಿಡದೆ, ನಿಮಿಷಗಳ ಲೆಕ್ಕದಲ್ಲಿ ಮೊದಲಿನಿಂದ ರೂಢಿ ಮಾಡಿಸಬೇಕು, ಪಶುವೈದ್ಯರ ಹತ್ತಿರವೂ ಮಾತಾಡಬೇಕು. ಕೆಲವಕ್ಕೆ ಔಷಧಿ ಬೇಕಾಗುತ್ತದೆ. ತಂದುಕೊಟ್ಟ ಸಂಸ್ಥೆಗೂ ಆ ವಿಡಿಯೊ ಕಳಿಸಿ. ದತ್ತು ಕೊಡುವಾಗ ಇಡೀ ದಿನ ಮನೆಯಲ್ಲಿ ಜನರಿರುವ ಮನೆ ಹುಡುಕಲು ಅವರಿಗೆ ಅದೇ ಆಧಾರ. ದೀಪಾವಳಿಯ ಪಟಾಕಿ ಸದ್ದಿಗೂ ಇದೇ ಮಾತು: ಹೆದರಿ ಮಂಚದ ಕೆಳಗೆ ಸೇರಿದ ನಾಯಿಗೆ ಕಾಂಗ್ ಕೊಟ್ಟು ಫಲವಿಲ್ಲ.

ಹಸಿವು ಕಂಡ ನಾಯಿ ತನ್ನ ಆಹಾರವನ್ನು ಬೇರೆಯವರು ಮುಟ್ಟದಂತೆ ಕಾಯುವುದು ಸಹಜ. ಬಾಯಿಯಲ್ಲಿ ಕಾಂಗ್ ಇದ್ದಾಗ ಮೈ ಬಿಗಿಯಾಗುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಗುರ್ ಅನ್ನುವುದು ಕಂಡರೆ ಕೈ ಹಾಕಬೇಡಿ. ಗುರ್ ಅಂದದ್ದಕ್ಕೆ ಬೈಯಲೂ ಬೇಡಿ. ಎಚ್ಚರಿಕೆ ಕೊಡುವುದನ್ನು ಬಿಟ್ಟರೆ ಅದು ನೇರ ಕಚ್ಚಲು ಕಲಿಯುತ್ತದೆ. ದೂರದಲ್ಲಿ ಕೋಳಿ ಚೂರುಗಳನ್ನು ಚೆಲ್ಲಿ, ನಾಯಿ ಅತ್ತ ಹೋದಮೇಲೆ ಎತ್ತಿಕೊಳ್ಳಿ. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಎರಡಕ್ಕೂ ಬೇರೆ ಬೇರೆ ಕೋಣೆ, ನಡುವೆ ಮುಚ್ಚಿದ ಬಾಗಿಲು. ಮಕ್ಕಳು ಆ ಕೋಣೆಗೆ ಹೋಗಲೇಬಾರದು, ಮನೆಗೆಲಸಕ್ಕೆ ಬರುವ ಅಕ್ಕನಿಗೂ ಇದನ್ನು ಮೊದಲೇ ಹೇಳಿಡಿ. ನೆಲದ ಮೇಲಿನ ಆಟಿಕೆ ಎತ್ತಿಟ್ಟು ಗುಡಿಸುವುದು ಅವರಿಗೆ ರೂಢಿ.

ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಇನ್ನೊಂದು ತೊಂದರೆ. ಗಟ್ಟಿಯಾದ ಕಾಂಗ್ ಟೈಲ್ಸ್ ಮೇಲೆ ಬಿದ್ದರೆ ಕೆಳಗಿನ ಮನೆಗೆ ಸುತ್ತಿಗೆ ಏಟಿನ ಹಾಗೆ ಕೇಳಿಸುತ್ತದೆ. ಗ್ರಾನೈಟ್ ನೆಲದಲ್ಲಿ ಅದು ಉರುಳಿ ಸೋಫಾ ಕೆಳಗೆ ಸೇರಿಕೊಂಡರೆ ನಾಯಿ ಅಲ್ಲೇ ನಿಂತು ಬೊಗಳುತ್ತದೆ, ಶಾಂತವಾಗಲಿ ಅಂತ ಕೊಟ್ಟದ್ದೇ ರೇಗಿಸುತ್ತದೆ. ದಪ್ಪ ಜಮಖಾನೆ ಹಾಸಿ, ಸೋಫಾ, ಮಂಚದ ಕೆಳಗಿನ ಸಂದಿಗಳನ್ನು ದಿಂಬಿನಿಂದ ಮುಚ್ಚಿ.

ತೊಳೆಯುವ ಕೆಲಸ ಬೇಸರದ್ದು, ಈ ವಸ್ತುವಿನ ದೊಡ್ಡ ಕೊರತೆ ಇದೇ. ನಡುವಿನ ಕುತ್ತಿಗೆಯಲ್ಲಿ ಅಂಬಲಿ ಒಣಗಿ ಕೂತರೆ ಕೈ ಬೆರಳಿಗೆ ಸಿಗುವುದಿಲ್ಲ. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಮಗುವಿನ ಹಾಲಿನ ಬಾಟಲಿ ಉಜ್ಜುವ ಬ್ರಷ್ಷಿನಿಂದ ತಿಕ್ಕಿ, ಚಿಕ್ಕ ತೂತಿಗೆ ಊದುಬತ್ತಿಯ ಖಾಲಿ ಕಡ್ಡಿ ಹಾಕಿ ತೆಗೆಯಿರಿ, ಬಾಯಿ ಕೆಳಗೆ ಮಾಡಿ ಒಣಗಿಸಿ. ಡಿಷ್‌ವಾಷರ್ ಇದ್ದರೆ ಮೇಲಿನ ಅರೆಯಲ್ಲಿ ಇಡಬಹುದು. ಮಳೆಗಾಲದಲ್ಲಿ ಒದ್ದೆಯಾಗೇ ಇಟ್ಟರೆ ಒಳಗೆ ಬೂಷ್ಟು ಹಿಡಿಯುತ್ತದೆ, ಬೇಸಿಗೆಯಲ್ಲಿ ಅರ್ಧ ತಿಂದು ಬಿಟ್ಟದ್ದಕ್ಕೆ ಇರುವೆ ಮುತ್ತುತ್ತವೆ. ಮೊಸರು, ಮಾಂಸ ತುಂಬಿದ್ದು ಎರಡು ಗಂಟೆಗಿಂತ ಹೆಚ್ಚು ಹೊರಗೆ ಉಳಿದಿದ್ದರೆ ಮತ್ತೆ ಕೊಡಬೇಡಿ. ಅದೇ ಕಾರಣಕ್ಕೆ ಇಡೀ ದಿನ ಹೊರಗಿರುವವರು ಮೊದಮೊದಲು ಒಣ ಆಹಾರ ಮತ್ತು ನೀರಷ್ಟೇ ಹಾಕಿ ಫ್ರೀಜ್ ಮಾಡುವುದು ಒಳ್ಳೆಯದು, ಪೂರ್ತಿ ಮುಗಿಸುತ್ತದೆ ಅಂತ ಕ್ಯಾಮೆರಾದಲ್ಲಿ ಕಂಡಮೇಲೆ ಮೊಸರಿಗೆ ಬನ್ನಿ.

ದುಡ್ಡು ಹಾಕಲು ಆಗದವರಿಗೆ ಹಳೆಯ ಟವೆಲ್ಲಿನಲ್ಲಿ ಕಾಳು ಆಹಾರ ಚೆಲ್ಲಿ ಸುರುಳಿ ಸುತ್ತಿ ಕೊಡುವುದೂ ಒಳ್ಳೆಯದೇ, ಆದರೆ ಬಟ್ಟೆ ನುಂಗುವ ನಾಯಿಗೆ ಬೇಡ, ಕಣ್ಣಳತೆಯಲ್ಲೇ ಕೊಡಬೇಕು. ಲಿಕ್ ಮ್ಯಾಟ್ (ಆಹಾರ ಬಳಿದು ನೆಕ್ಕಲು ಕೊಡುವ ಮೆತ್ತನೆಯ ಹಾಳೆ) ಬೇಗ ಮುಗಿಯುತ್ತದೆ, ಒಂಟಿಯಾಗಿ ಬಿಟ್ಟರೆ ಅದನ್ನೇ ಹರಿದು ನುಂಗಬಹುದು. ಮಟನ್ ಅಂಗಡಿಯ ಮೂಳೆ ಬೇಯಿಸಿ ಕೊಟ್ಟು ಹೋಗುವ ಪದ್ಧತಿ ಬೇಡ. ಬೆಂದ ಮೂಳೆ ಮೊನೆಯಾಗಿ ಸೀಳುತ್ತದೆ, ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ.

ಕೊಳ್ಳುವುದಾದರೆ ಒಂದೇ ಗಾತ್ರದ ಎರಡು ಕೊಳ್ಳಿ. ಒಂದು ನಾಯಿಯ ಹತ್ತಿರ ಇದ್ದಾಗ ಇನ್ನೊಂದು ಫ್ರೀಜರಿನಲ್ಲಿರುತ್ತದೆ, ಬೆಳಗಿನ ಹೊತ್ತು ತಪ್ಪುವುದಿಲ್ಲ. ನಾಯಿಗೆ ಮನೆ ಸಿಕ್ಕಿ ಹೊರಡುವ ದಿನ ಎರಡರಲ್ಲಿ ಒಂದನ್ನು ಅದರ ಜೊತೆ ಕಳಿಸಿ, ಮಲಗುತ್ತಿದ್ದ ಬೆಡ್‌ಶೀಟನ್ನೂ ಒಗೆಯದೆ ಕೊಡಿ. ಒಂದು ಹಾಳೆಯಲ್ಲಿ ಇಷ್ಟು ಬರೆದು ಹೊಸ ಮನೆಯವರ ಕೈಗೆ ಕೊಡಿ: ಎಷ್ಟು ಗಂಟೆಗೆ ಕಾಂಗ್, ಏನು ತುಂಬುತ್ತಿದ್ದಿರಿ, ಎಷ್ಟು ಹೊತ್ತಿನಲ್ಲಿ ಮುಗಿಸುತ್ತಿತ್ತು, ಯಾರಾದರೂ ಹತ್ತಿರ ಹೋದರೆ ಹೇಗೆ ಆಡುತ್ತಿತ್ತು, ಎಷ್ಟು ಗಂಟೆ ಒಂಟಿಯಾಗಿ ಇದ್ದು ರೂಢಿಯಿದೆ. ಹೊಸ ಮನೆಯಲ್ಲಿ ಮೊದಲ ಮೂರು ದಿನ ಫ್ರೀಜ್ ಮಾಡದೆ, ಸಡಿಲವಾಗಿ ತುಂಬಿ, ಅವರು ಮನೆಯಲ್ಲೇ ಇರುವಾಗ ಕೊಡಲಿ ಅಂತ ಅದೇ ಹಾಳೆಯ ಕೊನೆಯಲ್ಲಿ ಸೇರಿಸಿ.